ನಮ್ಮೂರಲ್ಲಿ ಕಾರ್ಗಿಲ್ ವಿಜಯ ದಿವಸ ಮಾಡೋದು ಹೇಗೆ? ಶುರುವಿಂದ ಕೊನೇವರೆಗೆ

ಜೂನ್ ತಿಂಗಳು ಬಂತು ಅಂದ್ರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. "ನಮ್ಮೂರಲ್ಲೂ ಜುಲೈ 26ಕ್ಕೆ ಏನಾದ್ರೂ ಮಾಡ್ಬೇಕು ಅಂತಿದೀವಿ, ಎಲ್ಲಿಂದ ಶುರು ಮಾಡೋದು?" ಕೇಳೋರು ಯುವಕ ಸಂಘದ ಹುಡುಗರು, ಹೈಸ್ಕೂಲ್ ಮೇಷ್ಟ್ರುಗಳು, ಕೆಲವು ಸಲ ಸರ್ವಿಸ್ ಮುಗಿಸಿ ಊರಿಗೆ ಬಂದಿರೋ ಹವಾಲ್ದಾರ್ ಸಾಹೇಬ್ರು. ಪ್ರತಿಯೊಬ್ರಿಗೂ ಬಿಡಿಬಿಡಿಯಾಗಿ ಹೇಳೋ ಬದಲು ಎಲ್ಲಾನೂ ಒಂದು ಕಡೆ ಬರೆದಿಡ್ತಾ ಇದೀನಿ, ಉದ್ದ ಆಗಿದೆ, ಆದ್ರೆ ಪೂರ್ತಿ ಓದಿ, ಯಾಕಂದ್ರೆ ಎಡವೋದು ಎಲ್ಲಾ ಸಣ್ಣ ಸಣ್ಣ ಜಾಗದಲ್ಲೇ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಈ ಕಾರ್ಯಕ್ರಮದಲ್ಲಿ ಸ್ಟೇಜು, ಮೈಕು, ಮುಖ್ಯ ಅತಿಥಿ ಇವೆಲ್ಲ ಆಮೇಲಿನ ವಿಷಯ. ನಿಮ್ಮೂರಿಂದ ಹೋಗಿ ವಾಪಸ್ ಬರದೇ ಇದ್ದ ಆ ಹುಡುಗನ ಹೆಸರನ್ನ ಅವನ ಮನೆಯವರ ಎದುರಿಗೆ, ಊರಿನವರೆಲ್ಲ ನಿಂತಿರುವಾಗ, ತಪ್ಪಿಲ್ಲದೆ ಹೇಳೋದು, ಅಷ್ಟೇ ಕೆಲಸ. ಅದೊಂದು ಸರಿಯಾಗಿ ಆದ್ರೆ ಶಾಮಿಯಾನ ಸೋರಿದ್ರೂ ಪರವಾಗಿಲ್ಲ.

ಇನ್ನೊಂದು, ಇದು ನಮಗೆ ಹೊಸ ಪದ್ಧತಿ ಏನಲ್ಲ. ಊರು ಕಾಯೋಕೆ ಹೋಗಿ ಸತ್ತವರಿಗೆ ಕಲ್ಲು ನಿಲ್ಸೋದು ಕನ್ನಡ ನಾಡಲ್ಲಿ ಸಾವಿರ ವರ್ಷಕ್ಕೂ ಹಳೇದು. ವೀರಗಲ್ಲು ನೋಡಿರ್ತೀರ, ಕೆಳಗಿನ ಪಟ್ಟಿಕೇಲಿ ಕಾಳಗ, ಅದರ ಮೇಲೆ ಅಪ್ಸರೆಯರು ವೀರನನ್ನ ಕರ್ಕೊಂಡು ಹೋಗೋದು, ತುದೀಲಿ ಶಿವಲಿಂಗ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರೋ ಸುಮಾರು ಕ್ರಿ.ಶ. 890ರ ಶಾಸನದಲ್ಲಿ "ಬೆಂಗಳೂರು ಕಾಳಗ" ಅನ್ನೋ ಮಾತು ಬರುತ್ತೆ. ಬೆಂಗಳೂರು ಅನ್ನೋ ಹೆಸರು ಅಷ್ಟು ಹಿಂದೆ ನಮಗೆ ಸಿಕ್ಕಿರೋದೇ ಒಂದು ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲಿಂದ.

ಮೊದಲು ವಿಷಯ ತಿಳ್ಕೊಳ್ಳಿ

ಮಕ್ಕಳು ಕೇಳ್ತಾರೆ, ನಿಮಗೆ ಗೊತ್ತಿರ್ಬೇಕು. 1999ರ ಮೇ ತಿಂಗಳಲ್ಲಿ ಪಾಕಿಸ್ತಾನದ ಕಡೆಯವರು ನಿಯಂತ್ರಣ ರೇಖೆ ದಾಟಿ ಬಂದು ಕಾರ್ಗಿಲ್, ದ್ರಾಸ್, ಬಟಾಲಿಕ್ ಕಡೆಯ ಬೆಟ್ಟದ ತುದಿಗಳನ್ನ ಹಿಡ್ಕೊಂಡು ಕೂತಿದ್ದು ಗೊತ್ತಾಯ್ತು. ಶ್ರೀನಗರದಿಂದ ಲೇಹ್‌ಗೆ ಹೋಗೋ ರಸ್ತೆ ಆ ತುದಿಗಳಿಂದ ಕಣ್ಣಿಗೆ ಕಾಣುತ್ತೆ, ಮೇಲೆ ಕೂತವನು ಕೆಳಗಿನ ಪ್ರತಿ ಲಾರಿಗೂ ಗುರಿ ಇಡಬಹುದು. ಅದಕ್ಕೇ ಒಂದೊಂದೇ ತುದಿ ವಾಪಸ್ ತಗೊಳ್ಳಲೇಬೇಕಾಯ್ತು. ಸೇನೆ ಈ ಕಾರ್ಯಾಚರಣೆಗೆ ಇಟ್ಟ ಹೆಸರು ಆಪರೇಷನ್ ವಿಜಯ್, ವಾಯುಪಡೆಯದ್ದು ಆಪರೇಷನ್ ಸಫೇದ್ ಸಾಗರ್. ಜೂನ್ 13ಕ್ಕೆ ತೋಲೋಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್, ಜುಲೈ 26ಕ್ಕೆ ಯುದ್ಧ ಮುಗೀತು. ಸರ್ಕಾರದ ಲೆಕ್ಕದಲ್ಲಿ ನಮ್ಮ ಕಡೆ ಪ್ರಾಣ ಕೊಟ್ಟವರು 527 ಜನ, ಗಾಯಗೊಂಡವರು 1,300ಕ್ಕೂ ಜಾಸ್ತಿ.

ಪುಸ್ತಕದಲ್ಲಿ "ಪಾಯಿಂಟ್ 4875", "ಪಾಯಿಂಟ್ 5140" ಅಂತೆಲ್ಲ ಬರುತ್ತಲ್ಲ, ಆ ನಂಬರು ಆ ತುದಿಯ ಎತ್ತರ, ಮೀಟರ್ ಲೆಕ್ಕದಲ್ಲಿ. ಮಕ್ಕಳಿಗೆ ಇದನ್ನ ಹೇಳುವಾಗ ಮುಳ್ಳಯ್ಯನಗಿರಿ ಹೆಸರು ಹೇಳಿ. ನಮ್ಮ ರಾಜ್ಯದಲ್ಲೇ ಎತ್ತರದ್ದು ಅದು, 1,930 ಮೀಟರ್. ಟೈಗರ್ ಹಿಲ್ 5,000 ಮೀಟರಿಗೂ ಮೇಲೆ. ಮುಳ್ಳಯ್ಯನಗಿರಿ ಮೇಲೆ ಇನ್ನೊಂದೂವರೆ ಮುಳ್ಳಯ್ಯನಗಿರಿ ಇಟ್ಟಷ್ಟು, ಅದನ್ನ ರಾತ್ರಿ ಹೊತ್ತು, ಬೆನ್ನ ಮೇಲೆ ಹೊರೆ ಹೊತ್ಕೊಂಡು, ಮೇಲಿಂದ ಗುಂಡು ಬರ್ತಿರುವಾಗ ಹತ್ತಿದ್ರು ಅಂದ್ರೆ ಏಳನೇ ಕ್ಲಾಸಿನ ಹುಡುಗನಿಗೂ ಅರ್ಥ ಆಗುತ್ತೆ. ತೋಲೋಲಿಂಗ್ ಗೆದ್ದ 2 ರಾಜಪುತಾನಾ ರೈಫಲ್ಸ್ ಪಡೆಗೆ ಕಮಾಂಡಿಂಗ್ ಆಫೀಸರ್ ಆಗಿದ್ದವರು ನಮ್ಮವರೇ, ಕರ್ನಲ್ ಎಂ.ಬಿ. ರವೀಂದ್ರನಾಥ್, ವಿಜಯಪುರದ ಸೈನಿಕ ಶಾಲೇಲಿ ಓದಿದವರು, ವೀರಚಕ್ರ ಬಂದಿತ್ತು. ಈ ಹೆಸರು ನಮ್ಮ ಎಷ್ಟೋ ಶಾಲೆ ಮಕ್ಕಳಿಗೆ ಗೊತ್ತೇ ಇಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರು.

ಮತ್ತೆ, ಡಿಸೆಂಬರ್ 16ರ ವಿಜಯ ದಿವಸಕ್ಕೂ ಇದಕ್ಕೂ ಕನ್‌ಫ್ಯೂಸ್ ಮಾಡ್ಕೋಬೇಡಿ. ಅದು 1971ರ ಯುದ್ಧದ್ದು, ಢಾಕಾದಲ್ಲಿ ಪಾಕ್ ಸೇನೆ ಶರಣಾದ ದಿನ. ನಿಮ್ಮೂರಲ್ಲಿ 71ರ ಯುದ್ಧಕ್ಕೆ ಹೋದವರಿದ್ರೆ ಆ ದಿನಾನೇ ಇಟ್ಕೊಳ್ಳಿ, ಕೆಳಗೆ ಹೇಳೋ ಕ್ರಮ ಎಲ್ಲ ಅದಕ್ಕೂ ಆಗುತ್ತೆ, ಜೊತೆಗೆ ಮಳೆ ಕಾಟಾನೂ ಇರಲ್ಲ.

1. ಹೆಸರಿನ ಪಟ್ಟಿ (ಒಂದೂವರೆ ತಿಂಗಳು ಮುಂಚೆ)

ಎಲ್ಲಕ್ಕಿಂತ ಮೊದಲು ಒಂದು ನೋಟ್‌ಬುಕ್ ತಗೊಂಡು ಊರು ಸುತ್ತಿ. ನಿಮ್ಮೂರು, ಅಕ್ಕಪಕ್ಕದ ಹಳ್ಳಿ, ಹೋಬಳಿಯಿಂದ ಸೇನೆಗೆ ಹೋದವರು ಯಾರು, ತೀರಿಕೊಂಡವರು ಯಾರು, ರಿಟೈರ್ ಆಗಿ ಬಂದವರು ಯಾರು, ಈಗ ಡ್ಯೂಟೀಲಿ ಇರೋರು ಯಾರು. ಅರಳಿಕಟ್ಟೆ ಹತ್ರ ಕೂತಿರೋ ಹಿರೀಕರನ್ನ ಕೇಳಿ, ಆಮೇಲೆ ತಾಲ್ಲೂಕಿನ ಮಾಜಿ ಸೈನಿಕರ ಸಂಘದವರನ್ನ ಕೇಳಿ, ಕೊನೆಗೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಆಫೀಸಿಗೆ ಹೋಗಿ ತಾಳೆ ನೋಡಿ. ಮಾಜಿ ಸೈನಿಕರು ಮತ್ತು ಅವರ ಕುಟುಂಬದ ವಿಷಯ ನೋಡ್ಕೊಳ್ಳೋ ಇಲಾಖೆ ಅದು. ಖಾಲಿ ಕೈಲಿ ಹೋಗ್ಬೇಡಿ, ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಅರ್ಜಿ ಬರ್ಕೊಂಡು ಹೋಗಿ.

ಪ್ರತಿ ಹೆಸರಿಗೂ ಇಷ್ಟು ಬರ್ಕೊಳ್ಳಿ: ಪೂರ್ತಿ ಹೆಸರು ಇನಿಷಿಯಲ್ ಸಮೇತ, ರ‍್ಯಾಂಕು, ರೆಜಿಮೆಂಟು, ಯಾವ ದಿನ, ಯಾವ ಜಾಗ, ಯಾವ ಕಾರ್ಯಾಚರಣೆ.

ಇಲ್ಲಿ ಮೂರು ತಪ್ಪು ಎಲ್ಲಾ ಕಡೆ ನೋಡಿದೀನಿ. ಒಂದು, ಸೇನೇಲಿ ತೀರಿಕೊಂಡ ಎಲ್ಲರನ್ನೂ "ಕಾರ್ಗಿಲ್ ಹುತಾತ್ಮ" ಅಂತ ಬರೆಯೋದು. ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕವರು, ಕಾಶ್ಮೀರದಲ್ಲಿ ಬೇರೆ ವರ್ಷ ಉಗ್ರರ ಜೊತೆ ಹೋರಾಡಿ ಸತ್ತವರು, ಶ್ರೀಲಂಕಾಗೆ ಹೋದ ಶಾಂತಿಪಾಲನಾ ಪಡೇಲಿ ಇದ್ದವರು, ಇವರ ತ್ಯಾಗ ಕಮ್ಮಿ ಅಂತಲ್ಲ, ಆದ್ರೆ ಅವರ ಕಥೆ ಅವರದ್ದೇ, ಅದನ್ನ ಅಳಿಸಿ ಮೇಲೆ ಬೇರೆ ಹೆಸರು ಹಾಕೋದು ನ್ಯಾಯ ಅಲ್ಲ. ಎರಡು ಪಟ್ಟಿ ಮಾಡಿ, ಎರಡನ್ನೂ ಓದಿ.

ಎರಡನೇದು ರ‍್ಯಾಂಕು. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್, ಇದು ಮೇಲೇರೋ ಕ್ರಮ. ಆದ್ರೆ ಸಿಪಾಯಿಗೆ ರೆಜಿಮೆಂಟಿಗೊಂದು ಹೆಸರಿದೆ. ಬೆಂಗಳೂರಿನ ಎಂಇಜಿಯಂಥ (ಮದ್ರಾಸ್ ಎಂಜಿನಿಯರ್ ಗ್ರೂಪ್) ಎಂಜಿನಿಯರ್ ಪಡೇಲಾದ್ರೆ ಸ್ಯಾಪರ್, ಫಿರಂಗಿ ಪಡೇಲಾದ್ರೆ ಗನ್ನರ್, ಕೆಲವು ರೆಜಿಮೆಂಟಲ್ಲಿ ರೈಫಲ್‌ಮನ್, ಗ್ರೆನೇಡಿಯರ್. ಅಂಥವರ ಹೆಸರಿನ ಹಿಂದೆ ಸಿಪಾಯಿ ಅಂತ ಹಾಕಿದ್ರೆ ಮನೆಯವರಿಗೆ ಅಷ್ಟಾಗಿ ಗೊತ್ತಾಗದೇ ಇರಬಹುದು, ಜೊತೇಲಿ ಸರ್ವಿಸ್ ಮಾಡಿದವರಿಗೆ ಮಾತ್ರ ತಕ್ಷಣ ಚುಚ್ಚುತ್ತೆ.

ಮೂರನೇದು ಮೆಡಲ್. ಯುದ್ಧಕಾಲದ ಶೌರ್ಯ ಪ್ರಶಸ್ತಿಗಳು ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಕಾರ್ಗಿಲ್‌ಗೆ ಪರಮವೀರ ಚಕ್ರ ಬಂದಿದ್ದು ನಾಲ್ಕೇ ಜನಕ್ಕೆ: ಕ್ಯಾಪ್ಟನ್ ವಿಕ್ರಮ್ ಬಾತ್ರಾ, ಲೆಫ್ಟಿನೆಂಟ್ ಮನೋಜ್ ಕುಮಾರ್ ಪಾಂಡೆ, ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್, ರೈಫಲ್‌ಮನ್ ಸಂಜಯ್ ಕುಮಾರ್. ಇದರಲ್ಲಿ ಮೊದಲಿಬ್ಬರಿಗೆ ಮರಣೋತ್ತರ, ಕೊನೆಯ ಇಬ್ಬರು ಬದುಕಿ ಬಂದವರು. ನಾಲ್ವರಿಗೂ ಮರಣೋತ್ತರ ಅಂತ ಭಾಷಣದಲ್ಲಿ ಹೇಳೋದನ್ನ ನಾನೇ ಕೇಳಿದೀನಿ. ಆಪರೇಷನ್ ವಿಜಯ್ ಸ್ಟಾರ್, ಆಪರೇಷನ್ ವಿಜಯ್ ಮೆಡಲ್ ಅನ್ನೋದು ಆ ಕಾರ್ಯಾಚರಣೇಲಿ ಸೇವೆ ಮಾಡಿದ್ದಕ್ಕೆ ಕೊಡೋದು, ಅದು ಶೌರ್ಯ ಪ್ರಶಸ್ತಿ ಅಲ್ಲ. ಆಮಂತ್ರಣ ಪತ್ರಿಕೆ ಪ್ರಿಂಟಿಗೆ ಕೊಡೋ ಮುಂಚೆ ಒಬ್ಬ ಮಾಜಿ ಸೈನಿಕರ ಕೈಲಿ ಓದ್ಸಿ.

"ನಮ್ಮೂರಿಂದ ಯಾರೂ ಕಾರ್ಗಿಲ್‌ನಲ್ಲಿ ಸತ್ತಿಲ್ಲ, ನಾವು ಮಾಡಬಹುದಾ?" ಅಂತ ತುಂಬಾ ಜನ ಕೇಳ್ತಾರೆ. ಖಂಡಿತ ಮಾಡಿ. ಹೆಚ್ಚಿನ ಊರುಗಳ ಪರಿಸ್ಥಿತಿ ಅದೇ. ನಿಮ್ಮ ಜಿಲ್ಲೆಯವರ ಹೆಸರು ಓದಿ, ಊರಲ್ಲಿರೋ ಮಾಜಿ ಸೈನಿಕರನ್ನ ಮುಂದೆ ಕೂರ್ಸಿ. ಆ ಎರಡೂವರೆ ತಿಂಗಳು ಮಗ ಎಲ್ಲಿದಾನೆ ಅಂತ ಗೊತ್ತಿಲ್ಲದೆ ರೇಡಿಯೋ ಮುಂದೆ ಕೂತಿದ್ದ ತಾಯಂದಿರು ನಿಮ್ಮೂರಲ್ಲೂ ಇರ್ತಾರೆ, ಅವರನ್ನ ಕರೀರಿ.

2. ಮನೆಯವರ ಹತ್ರ ಹೋಗೋದು (ಒಂದು ತಿಂಗಳು ಮುಂಚೆ)

ಇಡೀ ಲೇಖನದಲ್ಲಿ ಇದೇ ಮುಖ್ಯ, ನಿಧಾನವಾಗಿ ಓದಿ.

ಫೋನ್‌ನಲ್ಲಿ ಆಹ್ವಾನ ಕೊಡ್ಬೇಡಿ. ಮನೆಗೆ ಹೋಗಿ, ಜಾಸ್ತಿ ಅಂದ್ರೆ ಇಬ್ರು ಮೂರು ಜನ, ಅದರಲ್ಲಿ ಒಬ್ಬ ಹೆಂಗಸು ಇರ್ಲಿ, ಸಾಧ್ಯ ಆದ್ರೆ ಒಬ್ಬ ಮಾಜಿ ಸೈನಿಕರು. ಕೂತು ಮಾತಾಡಿ. "ಅಮ್ಮಾ, ಹಿಂಗೊಂದು ಕಾರ್ಯಕ್ರಮ ಅನ್ಕೊಂಡಿದೀವಿ, ನಿಮಗೆ ಒಪ್ಪಿಗೆ ಇದ್ರೆ ಮಾತ್ರ ಮಾಡ್ತೀವಿ" ಅಂತ ಕೇಳಿ, ಆಮೇಲೆ ಸುಮ್ನಿರಿ. ಅವರು ಬೇಡ ಅಂದ್ರೆ ಬಲವಂತ ಮಾಡ್ಬೇಡಿ. ಕೆಲವರಿಗೆ ಆ ದಿನ ಮನೇಲಿ ಒಬ್ರೇ ಇರೋದೇ ಇಷ್ಟ. ಆಗಲೂ ಹೆಸರು ಓದೋಕೆ ಒಪ್ಪಿಗೆ ಕೇಳಿ ಬನ್ನಿ.

ಹೆಸರು ಹೇಗೆ ಬರೀಬೇಕು ಅಂತ ಅವರ ಕೈಲೇ ಬರ್ಸ್ಕೊಳ್ಳಿ, ಹೇಗೆ ಕರೀತಿದ್ರು ಅಂತ ಬಾಯಲ್ಲಿ ಹೇಳ್ಸಿ ಕೇಳಿ. ಸರ್ಟಿಫಿಕೇಟ್‌ನಲ್ಲಿ ಹಿಂದಿಯವರು ಬರೆದಿದ್ದನ್ನ ನಾವು ವಾಪಸ್ ಕನ್ನಡಕ್ಕೆ ತರೋವಾಗ ಅಕ್ಷರ ಹಾಳಾಗಿರುತ್ತೆ. ಒಂದು ಊರಲ್ಲಿ ಹಿಂಗೇ ಆಯ್ತು, ಕಲ್ಲಿನ ಮೇಲೆ ಹೆಸರು ಕೆತ್ಸಿ, ಪರದೆ ಎಳೆದು, ಎಲ್ಲ ಚಪ್ಪಾಳೆ ಹೊಡೆದ ಮೇಲೆ ತಾಯಿ ಹತ್ರ ಹೋಗಿ ಅಕ್ಷರಗಳ ಮೇಲೆ ಬೆರಳಾಡಿಸಿದ್ರು. ಅವರಿಗೆ ಓದೋಕೆ ಬರಲ್ಲ. ಪಕ್ಕದಲ್ಲಿದ್ದ ಮೊಮ್ಮಗಳು ಜೋರಾಗಿ ಓದಿದ್ಳು, ಇನಿಷಿಯಲ್ ತಪ್ಪಾಗಿತ್ತು. "ಅದು ಅವರಪ್ಪನ ಹೆಸ್ರಲ್ವಲ್ಲಾ" ಅಂದ್ರು ಅಷ್ಟೇ, ಬೈಲಿಲ್ಲ, ಅಳ್ಲಿಲ್ಲ. ಆಮೇಲೆ ಆ ಜಾಗಕ್ಕೆ ಪೇಸ್ಟ್ ತುಂಬಿ ಮತ್ತೆ ಕೆತ್ಸಿದ್ರು, ಇವತ್ತಿಗೂ ಆ ಒಂದು ಅಕ್ಷರ ಮಾತ್ರ ಬೇರೆ ಬಣ್ಣದಲ್ಲಿ ಕಾಣುತ್ತೆ.

ಫೋಟೋ ವಿಷಯ. "ಫೋಟೋ ಕೊಡಿ, ಬ್ಯಾನರ್‌ಗೆ ಬೇಕು" ಅಂತ ಒರಿಜಿನಲ್ ತಗೊಂಡು ಹೋಗಲೇಬೇಡಿ. ಎಷ್ಟೋ ಮನೇಲಿ ಯೂನಿಫಾರ್ಮಲ್ಲಿರೋ ಫೋಟೋ ಅದೊಂದೇ. ಅವರ ಜಗುಲೀಲೇ, ಬೆಳಕಿರೋ ಕಡೆ ಇಟ್ಟು, ಗಾಜಿನ ಮೇಲೆ ಮಿಂಚು ಬೀಳದ ಹಾಗೆ ಮೊಬೈಲಲ್ಲಿ ತೆಗೆದು ವಾಪಸ್ ಗೋಡೆಗೆ ನೇತುಹಾಕಿ ಬನ್ನಿ.

ಇನ್ನು ಅರಿಶಿನ ಕುಂಕುಮದ ವಿಷಯ. ಇದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ, ಅದಕ್ಕೇ ನಾನು ಹೇಳ್ತೀನಿ. ಬಾಗಿಲಲ್ಲಿ ಹೆಣ್ಣುಮಕ್ಕಳು ತಟ್ಟೆ ಹಿಡ್ಕೊಂಡು ಬರೋರಿಗೆಲ್ಲ ಕುಂಕುಮ ಹೂವು ಕೊಡ್ತಾ ಇರ್ತಾರೆ, ಆ ಯೋಧನ ಹೆಂಡತಿ ಬಂದ ತಕ್ಷಣ ತಟ್ಟೆ ಒಂದು ಕ್ಷಣ ನಿಲ್ಲುತ್ತೆ, ಪಕ್ಕಕ್ಕೆ ಹೋಗುತ್ತೆ. ಯಾರ ಗೌರವಕ್ಕೆ ಅಂತ ಊರೆಲ್ಲ ಸೇರಿದೀವೋ ಅವರಿಗೇ ಬಾಗಿಲಲ್ಲಿ ಅವಮಾನ. ಇದಕ್ಕೆ ಸುಲಭ ದಾರಿ, ಆ ದಿನ ಬಾಗಿಲಲ್ಲಿ ಕುಂಕುಮದ ತಟ್ಟೆ ಬೇಡವೇ ಬೇಡ. ಗಂಡಸು ಹೆಂಗಸು ಎಲ್ಲರಿಗೂ ಒಂದೊಂದು ಬಿಡಿ ಹೂವು ಕೊಡಿ, ಅದನ್ನೇ ಒಳಗೆ ತಂದು ಫೋಟೋ ಮುಂದೆ ಇಡ್ಲಿ. ವೀರನಾರಿ ಅನ್ನೋದು ಸೇನೆಯವರು ಹುತಾತ್ಮರ ಪತ್ನಿಗೆ ಗೌರವದಿಂದ ಹೇಳೋ ಮಾತು. ಮೈಕಲ್ಲಿ "ವಿಧವೆ" ಅನ್ನೋ ಪದ ಬರಲೇಬಾರದು, ನಿರೂಪಣೆ ಮಾಡೋರಿಗೆ ಮೊದಲೇ ಹೇಳಿಡಿ.

ಅವರ ಕೈಲಿ ಭಾಷಣ ಮಾಡ್ಸೋ ಆಸೆ ಬೇಡ. ಅವರಾಗೇ ಮಾತಾಡ್ತೀನಿ ಅಂದ್ರೆ ಮೈಕ್ ಕೊಡಿ, ಎಷ್ಟು ಹೊತ್ತಾದ್ರೂ ಆಗ್ಲಿ. ಕೊನೆ ಸಲ ಫೋನ್ ಮಾಡಿದಾಗ ಏನಂದ್ರು, ಪೆಟ್ಟಿಗೆ ಬಂದ ದಿನ ಹೇಗಿತ್ತು, ಇಂಥ ಪ್ರಶ್ನೆ ಕೇಳ್ಸಿ ಅಳ್ಸೋದು ಬೇಡ, ಲೋಕಲ್ ಚಾನೆಲ್‌ನವರು ಬಂದಿದ್ರೆ ಅವರಿಗೂ ಮೊದಲೇ ಹೇಳಿ. ಮಾತು ಬೇಕಾದ್ರೆ ಅವನು ಹುಡುಗನಾಗಿದ್ದಾಗ ಹೇಗಿದ್ದ ಅಂತ ಕೇಳಿ, ಕಬಡ್ಡಿ ಆಡ್ತಿದ್ನಾ, ರಜಕ್ಕೆ ಬಂದ್ರೆ ಏನು ತರ್ತಿದ್ದ. ಅದನ್ನ ಹೇಳೋವಾಗ ಅವರ ಮುಖ ಬೇರೆ ಥರ ಇರುತ್ತೆ.

3. ಜಾಗ, ಪರ್ಮಿಶನ್, ಮಳೆ

ಗ್ರಾಮ ಪಂಚಾಯ್ತಿ ಜಾಗ ಆದ್ರೆ ಪಿಡಿಒಗೆ, ಶಾಲೆ ಆದ್ರೆ ಹೆಡ್‌ಮಾಸ್ಟರಿಗೆ ಅರ್ಜಿ ಕೊಡಿ. ಮೈಕ್‌ಸೆಟ್‌ಗೆ ಪೊಲೀಸ್ ಸ್ಟೇಷನ್‌ನಿಂದ ಲಿಖಿತ ಪರ್ಮಿಶನ್ ತಗೊಳ್ಳಿ, ಮೆರವಣಿಗೆ ಇದ್ರೆ ದಾರಿ ಯಾವುದು ಅಂತಲೂ ಅದರಲ್ಲೇ ಬರೀರಿ. ಎಲ್ಲಾ ಅರ್ಜಿಗೂ ಇನ್ನೊಂದು ಕಾಪಿ ಇಟ್ಕೊಂಡು ಸೀಲು ಹಾಕ್ಸ್ಕೊಳ್ಳಿ.

ಜುಲೈ 26 ಅಂದ್ರೆ ಆಷಾಢ ಶ್ರಾವಣದ ಹೊತ್ತು. ಕೊಡಗು, ಮಲೆನಾಡು, ಕರಾವಳಿಯವರು ಬಯಲಲ್ಲಿ ಮಾಡೋ ಯೋಚನೆ ಬಿಡಿ, ಸಮುದಾಯ ಭವನ ಅಥವಾ ಶಾಲೆ ಹಾಲ್ ಹಿಡೀರಿ, ಸ್ಮಾರಕದ ಹತ್ರ ಪುಷ್ಪಾರ್ಪಣೆ ಮಾತ್ರ ಹೊರಗೆ ಇಟ್ಕೊಳ್ಳಿ. ಬಯಲುಸೀಮೆಯವರಿಗೂ ಶಾಮಿಯಾನ ಇರ್ಲಿ. ವಯಸ್ಸಾದ ತಾಯಂದಿರು ಬರ್ತಾರೆ, ಕೆಸರಲ್ಲಿ ಜಾರದ ಹಾಗೆ ಗೇಟಿಂದ ಕುರ್ಚಿವರೆಗೆ ಜಲ್ಲಿಪುಡಿ ಹಾಕ್ಸಿ ಇಲ್ಲಾ ಮ್ಯಾಟ್ ಹಾಸಿ, ಹತ್ತಿರದಲ್ಲೇ ಶೌಚಾಲಯ ಇದೆಯಾ, ಅದರ ಬೀಗದ ಕೈ ಯಾರ ಹತ್ರ ಇದೆ ನೋಡ್ಕೊಳ್ಳಿ. ಮನೆಯವರನ್ನ ಕರ್ಕೊಂಡು ಬರೋಕೆ, ವಾಪಸ್ ಬಿಡೋಕೆ ಕಾರು ನಿಮ್ಮದೇ ಜವಾಬ್ದಾರಿ. ಕರ್ಕೊಂಡು ಬರೋದು ಎಲ್ರಿಗೂ ನೆನಪಿರುತ್ತೆ, ಕಾರ್ಯಕ್ರಮ ಮುಗಿದ ಮೇಲೆ ಅವರು ಬಸ್‌ಸ್ಟಾಂಡ್‌ನಲ್ಲಿ ನಿಂತಿರೋದು ಯಾರಿಗೂ ಕಾಣಲ್ಲ.

ಬ್ಯಾನರ್ ಬಟ್ಟೇದು ಮಾಡ್ಸಿ. ಫ್ಲೆಕ್ಸ್ ಹಾಕಿ ದಂಡ ಕಟ್ಟೋದು ಬೇಡ. ಅದರ ಮೇಲೆ ಯೋಧನ ಮುಖ ದೊಡ್ಡದಿರ್ಲಿ, ಕೆಳಗೆ ಸಂಘದ ಹೆಸರು ಸಣ್ಣದಾಗಿ. ಶುಭ ಕೋರುವವರ ಹದಿನೈದು ಫೋಟೋ ಮಧ್ಯ ಯೋಧನನ್ನ ಹುಡುಕೋ ಹಾಗೆ ಆಗ್ಬಾರದು.

4. ಕಲ್ಲು ನಿಲ್ಸೋದಾದ್ರೆ

ಮೊದಲ ವರ್ಷ ಬೇಡ ಅನ್ನೋದು ನನ್ನ ಅಭಿಪ್ರಾಯ. ಒಂದು ಮೇಜು, ಬಿಳಿ ಬಟ್ಟೆ, ಫೋಟೋ, ದೀಪ ಸಾಕು. ಎರಡು ಮೂರು ವರ್ಷ ನಡೆಸಿ, ಊರಿನವರು ಬರ್ತಾರೆ ಅಂತ ಗೊತ್ತಾದ ಮೇಲೆ ಕಲ್ಲಿನ ಮಾತು. ಜಾಗದ ಬಗ್ಗೆ ಪಂಚಾಯ್ತಿ ಠರಾವು ಇಲ್ಲದೆ ಅಡಿಪಾಯ ತೆಗೀಬೇಡಿ, ರಸ್ತೆ ಅಗಲ ಮಾಡೋವಾಗ ಕಿತ್ತು ಪಕ್ಕಕ್ಕೆ ಇಟ್ಟ ಸ್ಮಾರಕಗಳು ಬೇಕಾದಷ್ಟಿವೆ. ಗ್ರಾನೈಟ್ ಮೇಲೆ ಆಳವಾಗಿ ಕೆತ್ಸಿ, ಬರೀ ಬಣ್ಣದಲ್ಲಿ ಬರೆದಿದ್ದು ಕೆಲವೇ ಮಳೆಗಾಲದಲ್ಲಿ ಹೋಗುತ್ತೆ. ಕೆತ್ತೋ ಮುಂಚೆ ಪೇಪರ್ ಮೇಲೆ ಪೂರ್ತಿ ಅಳತೇಲಿ ಬರ್ಸಿ, ಮನೆಯವರ ಮುಂದೆ ಜೋರಾಗಿ ಓದಿ, ಅವರ ಸಹಿ ಹಾಕ್ಸ್ಕೊಂಡೇ ಕೆಲಸಕ್ಕೆ ಕೊಡಿ. ಉದ್ಘಾಟನೆ ಮಾಡಿದವರ ಹೆಸರು ಹಾಕಲೇಬೇಕು ಅಂದ್ರೆ ಹಿಂದಿನ ಮುಖದಲ್ಲಿ ಹಾಕಿ.

ಊರಲ್ಲಿ ಹಳೇ ವೀರಗಲ್ಲು ಇದ್ರೆ ಆ ದಿನ ಅದನ್ನೂ ತೊಳೆದು ಹೂವಿಡಿ, ತುಂಬಾ ಚೆನ್ನಾಗಿರುತ್ತೆ. ಬರೀ ನೀರು, ಮೆತ್ತನೆ ಬ್ರಷ್ ಸಾಕು. ಬಣ್ಣ, ಎಣ್ಣೆ, ಆ್ಯಸಿಡ್ ಯಾವುದೂ ಮುಟ್ಟಿಸಬೇಡಿ.

5. ಬಾವುಟ

ರಾಷ್ಟ್ರಧ್ವಜಕ್ಕೆ ಧ್ವಜ ಸಂಹಿತೆ 2002 ಅಂತ ನಿಯಮಾವಳಿ ಇದೆ. ಅದರಲ್ಲಿ ನಿಮಗೆ ಬೇಕಾಗಿರೋದು ಇಷ್ಟು.

ಧ್ವಜಾರೋಹಣ ಮಾಡೋದಾದ್ರೆ ಪೂರ್ತಿ ಮೇಲಕ್ಕೆ ಏರ್ಸಿ. "ಹುತಾತ್ಮರ ದಿನ ಅಲ್ವಾ, ಅರ್ಧಕ್ಕೆ ಹಾರ್ಸೋಣ" ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಮಾಡ್ಬೇಡಿ. ಅರ್ಧಕ್ಕೆ ಇಳ್ಸೋದು ಸರ್ಕಾರ ಹೇಳಿದ ದಿನ ಮಾತ್ರ. ಫೋಟೋಗೆ, ಮೇಜಿಗೆ, ಉದ್ಘಾಟನೆ ಮಾಡೋ ಕಲ್ಲಿಗೆ ತ್ರಿವರ್ಣ ಧ್ವಜ ಹೊದಿಸೋ ಹಾಗಿಲ್ಲ, ಧ್ವಜ ಹೊದಿಸೋದು ಸರ್ಕಾರಿ ಮತ್ತು ಸೇನಾ ಗೌರವದ ಅಂತ್ಯಸಂಸ್ಕಾರದಲ್ಲಿ ಮಾತ್ರ. ಕಲ್ಲಿಗೆ ಬೇರೆ ಬಟ್ಟೆ ಹೊದಿಸಿ. ಧ್ವಜದ ಮೇಲೆ ಏನೂ ಬರೀಬಾರದು, ಸಂಘದ ಹೆಸರಾಗಲಿ ಯೋಧನ ಹೆಸರಾಗಲಿ. ಮಕ್ಕಳ ಕೈಗೆ ಕೊಡೋದು ಪೇಪರ್ ಬಾವುಟ ಇರ್ಲಿ, ಪ್ಲಾಸ್ಟಿಕ್ ಬಾವುಟ 2022ರ ಜುಲೈ 1ರಿಂದ ನಿಷೇಧ. ಮುಗಿದ ಮೇಲೆ ನೆಲದ ಮೇಲೆ ಬಿದ್ದಿರೋದನ್ನೆಲ್ಲ ಎತ್ತಿಡೋಕೆ ನಾಲ್ಕು ಹುಡುಗರನ್ನ ಮೊದಲೇ ಗೊತ್ತು ಮಾಡಿ.

ಗಾಳೀಲಿ ಗುಂಡು ಹಾರ್ಸೋದು ಪೊಲೀಸ್ ಅಥವಾ ಸೇನೆಯ ತಂಡ ಬಂದ್ರೆ ಮಾತ್ರ. ಲೈಸೆನ್ಸ್ ಬಂದೂಕು ಇದೆ ಅಂತ ಊರಿನವರೇ ಹಾರ್ಸಿದ್ರೆ ಕೇಸಾಗುತ್ತೆ. ಪಟಾಕಿನೂ ಬೇಡ ಅಂತ ಕೈಮುಗಿದು ಕೇಳ್ಕೊತೀನಿ. ಮುಂದಿನ ಸಾಲಲ್ಲಿ ಕೂತವರಲ್ಲಿ ಫಿರಂಗಿ ಸದ್ದಿನ ನಡುವೆ ತಿಂಗಳುಗಟ್ಟಲೆ ಇದ್ದು ಬಂದವರಿರ್ತಾರೆ.

6. ಪುಷ್ಪಚಕ್ರ, ಬ್ಯೂಗಲ್, ಮೌನ

ಕಾರ್ಯಕ್ರಮದ ಜೀವಾಳ ಇದೇ ಹತ್ತು ನಿಮಿಷ. ಪುಷ್ಪಚಕ್ರ ಅಂದ್ರೆ ಬಿದಿರು ಅಥವಾ ಹುಲ್ಲಿನ ಬಳೆಗೆ ಹೂವು ಕಟ್ಟಿರೋ ಚಕ್ರ, ಮಿಲಿಟರಿಯವರು ರೀತ್ ಅಂತಾರೆ. ಹೂವಿನ ಅಂಗಡೀಲಿ ಎರಡು ದಿನ ಮುಂಚೆ ಹೇಳಿ, ಹಾರದ ಹಾಗಲ್ಲ, ಗುಂಡಗೆ ಅಂತ ಕೈಯಲ್ಲಿ ತೋರ್ಸಿ ಹೇಳಿ. ಸೇವಂತಿಗೆ, ಚೆಂಡುಹೂವು ಮಳೇಲೂ ತಡೆಯುತ್ತೆ. ಹಿಂದೆ ಕೋಲು ಕಟ್ಟಿ ನಿಲ್ಲೋ ಹಾಗೆ ಮಾಡ್ಸಿ, ಒರಗಿಸಿಟ್ಟಿದ್ದು ಗಾಳಿಗೆ ಬೀಳುತ್ತೆ.

ಇಡೋ ಕ್ರಮ ಹೀಗೆ. ಇಬ್ಬರು ಎನ್‌ಸಿಸಿ ಕೆಡೆಟ್‌ಗಳು ಚಕ್ರ ಹಿಡ್ಕೊಂಡು ನಿಧಾನವಾಗಿ ಮುಂದೆ ನಡೀತಾರೆ, ಇಡೋರು ಹಿಂದೆ ಬರ್ತಾರೆ. ಚಕ್ರ ಮುಟ್ಟಿ ಇಟ್ಟು, ಎರಡು ಹೆಜ್ಜೆ ಹಿಂದೆ ಬಂದು, ನೆಟ್ಟಗೆ ಸ್ವಲ್ಪ ಹೊತ್ತು ನಿಂತು, ತಿರುಗಿ ಹೋಗೋದು. ಸೆಲ್ಯೂಟ್ ಯೂನಿಫಾರ್ಮಲ್ಲಿ ಇರೋರು ಮಾಡ್ಲಿ, ನಾವು ಕೈಮುಗಿದ್ರೆ ಸಾಕು. ಫೋಟೋಗ್ರಾಫರ್ ಕಡೆ ತಿರುಗಿ ಪೋಸ್ ಕೊಡೋದು ಇಲ್ಲ ಅಂತ ಅತಿಥಿಗಳಿಗೂ ವಿನಯವಾಗಿ ಹೇಳಿ. ಮೊದಲು ಯಾರು ಅನ್ನೋ ಜಗಳ ಪ್ರತಿ ಊರಲ್ಲೂ ಬರುತ್ತೆ. ಸರ್ಕಾರಿ ಕಾರ್ಯಕ್ರಮ ಆದ್ರೆ ಅವರ ಶಿಷ್ಟಾಚಾರ ಅವರದ್ದು. ಊರಿನವರೇ ಮಾಡೋದಾದ್ರೆ ಮೊದಲು ಮನೆಯವರು, ಆಮೇಲೆ ಮಾಜಿ ಸೈನಿಕರು, ಆಮೇಲೆ ಉಳಿದವರು. ಇದನ್ನ ಆಮಂತ್ರಣ ಪತ್ರಿಕೇಲೇ ಪ್ರಿಂಟ್ ಮಾಡಿಬಿಡಿ, ಆಗ ಆ ದಿನ ಯಾರೂ ಮುನಿಸ್ಕೊಳ್ಳೋಕೆ ಆಗಲ್ಲ.

ಆಮೇಲೆ ಲಾಸ್ಟ್ ಪೋಸ್ಟ್. ಸೇನೇಲಿ ದಿನದ ಕೆಲಸ ಮುಗೀತು ಅಂತ ಸಾರೋ ಬ್ಯೂಗಲ್ ಧ್ವನಿ ಅದು, ತೀರಿಕೊಂಡವರಿಗೂ ಅದನ್ನೇ ನುಡಿಸ್ತಾರೆ. ಅದು ಮುಗಿದ ಕೂಡಲೇ ಮೌನ, ಮೌನ ಮುಗಿದ ಮೇಲೆ ರೌಸ್ ಅನ್ನೋ ಎಬ್ಬಿಸೋ ಧ್ವನಿ. ಬ್ಯೂಗಲ್ ನುಡಿಸೋರು ಬೇಕು ಅಂದ್ರೆ ಜಿಲ್ಲಾ ಪೊಲೀಸ್ ಬ್ಯಾಂಡ್‌ಗೆ ಎಸ್‌ಪಿ ಆಫೀಸಲ್ಲಿ ಒಂದು ತಿಂಗಳು ಮುಂಚೆ ಅರ್ಜಿ ಕೊಟ್ಟು ನೋಡಿ, ಇಲ್ಲಾ ಕಾಲೇಜಿನ ಎನ್‌ಸಿಸಿ ಆಫೀಸರನ್ನ ಕೇಳಿ. ಯಾರೂ ಸಿಗಲಿಲ್ಲ ಅಂದ್ರೆ ರೆಕಾರ್ಡಿಂಗ್ ಹಾಕಬಹುದು, ಆದ್ರೆ ಮೊದಲೇ ಡೌನ್‌ಲೋಡ್ ಮಾಡಿ, ಆ ಫೋನನ್ನ ಫ್ಲೈಟ್ ಮೋಡ್‌ಗೆ ಹಾಕಿಡಿ. ನೇರವಾಗಿ ಇಂಟರ್ನೆಟ್‌ನಿಂದ ಹಾಕೋಕೆ ಹೋಗಿ ಮಧ್ಯದಲ್ಲಿ ಜಾಹೀರಾತು ಬಂದು, ನಿಂತಿದ್ದ ಮನೆಯವರು ತಲೆ ತಗ್ಗಿಸಿದ್ದನ್ನ ನೋಡಿದೀನಿ, ಮತ್ತೆ ಯಾವ ಊರಲ್ಲೂ ಹಾಗಾಗ್ಬಾರದು.

ಮೌನ ಅಂದ್ರೆ ಎರಡು ನಿಮಿಷ, ಗಡಿಯಾರ ನೋಡಿ ಎರಡು ನಿಮಿಷ. ನಿರೂಪಕರಿಗೆ ಮೂವತ್ತು ಸೆಕೆಂಡಾದ್ರೆ ಒಂದು ಗಂಟೆ ಆದ ಹಾಗೆ ಅನ್ಸಿ "ಧನ್ಯವಾದಗಳು, ಎಲ್ಲರೂ ಆಸೀನರಾಗಿ" ಅಂದ್ಬಿಡ್ತಾರೆ. ಅದಕ್ಕೇ ಸಮಯ ನೋಡೋ ಕೆಲಸ ಒಬ್ಬ ಮಾಜಿ ಸೈನಿಕರಿಗೆ ಕೊಡಿ, ಅವರು ಕೈ ಎತ್ತೋವರೆಗೆ ಯಾರೂ ಮಾತಾಡ್ಬಾರದು. ಮೈಕ್ ಆಫ್, ಜನರೇಟರ್ ದೂರ, ಅಡಿಗೆ ಕಡೆ ಪಾತ್ರೆ ಸದ್ದು ನಿಲ್ಸಿ. ಪಕ್ಕದ ಗದ್ದೇಲಿ ಟ್ರ್ಯಾಕ್ಟರ್ ಓಡ್ತಿದ್ರೆ ಮೊದಲೇ ಹೋಗಿ ಹೇಳಿ ಬನ್ನಿ, ಕಾರಣ ಹೇಳಿದ್ರೆ ಯಾರೂ ಇಲ್ಲ ಅನ್ನಲ್ಲ.

7. ಹೆಸರು ಓದೋದು, ಆಮೇಲೆ ಮಾತು

ಹೆಸರು ಓದೋದಕ್ಕೆ ಒಬ್ಬ ಹೈಸ್ಕೂಲ್ ಹುಡುಗಿನ ಅಥವಾ ಹುಡುಗನ್ನ ಆರ್ಸಿ, ಒಂದು ವಾರ ಪ್ರಾಕ್ಟೀಸ್ ಮಾಡ್ಸಿ. ರ‍್ಯಾಂಕು, ಹೆಸರು, ರೆಜಿಮೆಂಟು, ಊರು, ದಿನಾಂಕ, ಆಮೇಲೆ ಒಂದು ಉಸಿರಿನಷ್ಟು ವಿರಾಮ, ಮುಂದಿನ ಹೆಸರು. ಹಿನ್ನೆಲೆ ಮ್ಯೂಸಿಕ್ ಬೇಡ.

ಇಡೀ ಕಾರ್ಯಕ್ರಮ ಒಂದೂವರೆ ಗಂಟೆ ದಾಟ್ಬಾರದು. ನಾಡಗೀತೆ, ಎರಡು ಮಾತಿನ ಸ್ವಾಗತ, ಪುಷ್ಪಚಕ್ರ, ಹೆಸರು, ಲಾಸ್ಟ್ ಪೋಸ್ಟ್, ಮೌನ, ಒಬ್ಬ ಮಾಜಿ ಸೈನಿಕರ ಅನುಭವ, ಮಕ್ಕಳದ್ದು ಒಂದು ಹಾಡು, ಒಂದೇ ಒಂದು ಭಾಷಣ, ರಾಷ್ಟ್ರಗೀತೆ. ವೇದಿಕೆ ಮೇಲೆ ಇಪ್ಪತ್ತು ಜನ ಕೂತು ಒಬ್ಬೊಬ್ಬರಿಗೂ ಶಾಲು ಹಾರ ಪೇಟ ಅಂತ ಶುರುವಾದ್ರೆ ಮನೆಯವರು ಹಸ್ಕೊಂಡು ಕೂತಿರ್ತಾರೆ. ಸನ್ಮಾನ ಮನೆಯವರಿಗೆ ಮತ್ತು ಮಾಜಿ ಸೈನಿಕರಿಗೆ ಮಾತ್ರ ಇರ್ಲಿ. ಮಾಜಿ ಸೈನಿಕರಿಗೆ ಮೆಡಲ್ ಹಾಕ್ಕೊಂಡು ಬನ್ನಿ ಅಂತ ಹೇಳೋದು ಮರೀಬೇಡಿ, ಎಡ ಎದೆ ಮೇಲೆ ಮೆಡಲ್ ಇಟ್ಕೊಂಡು ಊರಿನವರ ಮುಂದೆ ನಿಲ್ಲೋ ಅವಕಾಶ ಅವರಿಗೆ ವರ್ಷಕ್ಕೆ ಒಂದೆರಡು ಸಲ ಸಿಗೋದು.

ಭಾಷಣ ಮಾಡೋರಿಗೆ ಮೊದಲೇ ಹೇಳಿ: ಪಕ್ಷದ ಮಾತು ಬೇಡ, ಯಾವ ಸಮುದಾಯದ ಮೇಲೂ ಮಾತು ಬೇಡ. ದ್ರಾಸ್‌ನಲ್ಲಿ ತೋಲೋಲಿಂಗ್ ಬುಡದಲ್ಲಿರೋ ಸ್ಮಾರಕದ ಗೋಡೆ ಮೇಲೆ ಬೇರೆ ಬೇರೆ ರಾಜ್ಯದವರ, ಬೇರೆ ಬೇರೆ ಧರ್ಮದವರ ಹೆಸರು ಒಟ್ಟಿಗೇ ಇದೆ. ಹೋಗಿ ನೋಡಿ ಬಂದವರು ನಿಮ್ಮೂರಲ್ಲಿ ಇದ್ರೆ ಅವರ ಕೈಲೇ ಎರಡು ಮಾತು ಆಡ್ಸಿ, ಅದು ಯಾವ ಭಾಷಣಕ್ಕಿಂತ ಚೆನ್ನಾಗಿರುತ್ತೆ.

8. ದುಡ್ಡು

ಖರ್ಚಿಗೆ ಚಂದಾ ಎತ್ತೋದಾದ್ರೆ ರಸೀದಿ ಪುಸ್ತಕ ಇರ್ಲಿ, ಲೆಕ್ಕ ಪಂಚಾಯ್ತಿ ಬೋರ್ಡಿಗೆ ಅಂಟ್ಸಿ. "ಯೋಧರ ಕುಟುಂಬಕ್ಕೆ" ಅಂತ ಹೆಸರು ಹೇಳಿ ಡಬ್ಬ ಹಿಡ್ಕೊಂಡು ದುಡ್ಡು ಎತ್ತಬೇಡಿ, ಆ ಮನೆಯವರಿಗೆ ಗೊತ್ತೇ ಇಲ್ಲದೆ ಅವರ ಹೆಸರಲ್ಲಿ ಬೇಡಿದ ಹಾಗಾಗುತ್ತೆ. ಕೊಡೋ ಮನಸ್ಸಿರೋರಿಗೆ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ ಇದೆ, ಮಾಜಿ ಸೈನಿಕರು ಮತ್ತು ಅವರ ಕುಟುಂಬಕ್ಕೆ ಅಂತಲೇ ಇರೋದು, ಡಿಸೆಂಬರ್ 7ರ ಧ್ವಜ ದಿನ ಅದಕ್ಕೇ. ಸೈನಿಕ ಕಲ್ಯಾಣ ಇಲಾಖೆ ಆಫೀಸಲ್ಲಿ ಕೇಳಿದ್ರೆ ಹೇಗೆ ಕಟ್ಟೋದು ಅಂತ ಹೇಳ್ತಾರೆ.

9. ಮುಗಿದ ಮೇಲೆ

ಅದೇ ದಿನ ಸಾಯಂಕಾಲ ಮನೆಯವರು ಕ್ಷೇಮವಾಗಿ ತಲುಪಿದ್ರಾ ಅಂತ ಫೋನ್ ಮಾಡಿ. ಅವರು ಅಳ್ತಿರೋ ಫೋಟೋ ಯಾವುದನ್ನೂ ಗ್ರೂಪಿಗೆ ಹಾಕ್ಬೇಡಿ, ಒಳ್ಳೇ ಫೋಟೋ ನಾಲ್ಕು ಪ್ರಿಂಟ್ ಹಾಕ್ಸಿ ಒಂದು ವಾರದೊಳಗೆ ಮನೆಗೆ ಕೊಟ್ಟು ಬನ್ನಿ. ಅವರ ಫೋನ್ ನಂಬರ್ ಕೇಳಿದವರಿಗೆಲ್ಲ ಹಂಚ್ಬೇಡಿ. ಬಾಡಿದ ಪುಷ್ಪಚಕ್ರವನ್ನ ಮೂರನೇ ದಿನ ತೆಗೆದು ಗಿಡದ ಬುಡಕ್ಕೆ ಹಾಕಿ, ತಂತಿ ಬಿಚ್ಚಿ ಬಳೆ ಎತ್ತಿಟ್ಕೊಳ್ಳಿ, ಮುಂದಿನ ವರ್ಷಕ್ಕೆ ಬರುತ್ತೆ.

ಮೊದಲು ಹೇಳಿದ ಆ ನೋಟ್‌ಬುಕ್ ಇದೆಯಲ್ಲ, ಅದನ್ನ ಯಾರ ಮನೇಲೋ ಇಡೋ ಬದಲು ಊರಿನ ಲೈಬ್ರರೀಲಿ ಅಥವಾ ಶಾಲೆ ಬೀರೂನಲ್ಲಿ ಇಡಿ. ಹೆಸರುಗಳು, ಸರಿಯಾದ ಕಾಗುಣಿತ, ಯಾರ್ಯಾರ ಮನೆಗೆ ಹೋಗ್ಬೇಕು, ಯಾವ ತಾಯಿಗೆ ಮೆಟ್ಟಿಲು ಹತ್ತೋಕಾಗಲ್ಲ, ಈ ಸಲ ಏನು ತಪ್ಪಾಯ್ತು, ಎಲ್ಲಾ ಬರೀರಿ. ಕೊನೇಲಿ ಹತ್ತು ಹಾಳೆ ಖಾಲಿ ಬಿಡಿ, ಮುಂದಿನ ವರ್ಷ ಮಾಡೋ ಹುಡುಗರು ಅಲ್ಲಿಂದ ಶುರು ಮಾಡ್ಲಿ.